‘ಸರಿಯಿಲ್ಲ’ ಅಂದರೆ ಸಾಕೇ?

ಮೀಲಾದ್ ಹತ್ತಿರ ಬಂದರೆ ನಮ್ಮ ಸೀತೂರು ಕಡೆ ಮದ್ರಸ ಮಕ್ಕಳ ಭಾಷಣ, ಹಾಡಿನ ತಯಾರಿ ಜೋರು. ಹಿಂದೊಮ್ಮೆ ಐದನೇ ತರಗತಿಯ ಹುಡುಗನೊಬ್ಬ ಭಾಷಣ ಮುಗಿಸಿ ವೇದಿಕೆ ಇಳಿದಾಗ ನಾವು ಎಲ್ಲರ ಎದುರೇ, “ಒಂದೂ ಸರಿಯಾಗಲಿಲ್ಲವಲ್ಲ ಮಾರಾಯ” ಎಂದುಬಿಟ್ಟೆವು. ಸುತ್ತಲಿದ್ದವರು ನಕ್ಕರು. ಮರುವರ್ಷ ಅವನು ಹೆಸರೇ ಕೊಡಲಿಲ್ಲ. ಕರೆದು ಕೇಳಿದರೆ, “ಏನು ಸರಿಯಾಗಲಿಲ್ಲ ಅಂತ ನೀವು ಹೇಳ್ಲೇ ಇಲ್ಲ ಉಸ್ತಾದೇ” ಅಂದ. ನಮ್ಮಲ್ಲಿ ಉತ್ತರವಿರಲಿಲ್ಲ.

ಮಂಡಿಗೆ ಅಡಿಕೆ ಒಯ್ದಾಗ ವ್ಯಾಪಾರಿ ‘ಸರಿಯಿಲ್ಲ’ ಅಂತಷ್ಟೇ ಹೇಳಿದರೆ ನಾವು ಸುಮ್ಮನೆ ಬರ್ತೇವಾ? ‘ಇನ್ನೆರಡು ಬಿಸಿಲು ಬೇಕು, ಗೊರಬಲು ಬೇರೆ ಮಾಡಿ’ ಅಂದರೆ ಮನೆಗೆ ಬಂದು ಸರಿಮಾಡ್ತೇವೆ. ಅಡಿಕೆಗೆ ಸಿಗುವ ಈ ಮರ್ಯಾದೆ ಮಕ್ಕಳಿಗೆ ಬೇಡವೇ?

ಮಸೀದಿಯಲ್ಲಿ ಅವಸರದಿಂದ ನಮಾಝ್ ಮಾಡಿದ ವ್ಯಕ್ತಿಯ ಹದೀಸ್ ನಮಗೆಲ್ಲ ಗೊತ್ತಿದೆ. ಪ್ರವಾದಿಯವರು (ಸ) ಅವರನ್ನು ಮೂರು ಸಲ ಹಿಂದೆ ಕಳುಹಿಸಿದರು. ‘ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ, ಕಲಿಸಿಕೊಡಿ’ ಎಂದು ಅವರೇ ಕೇಳಿದಾಗ ತಕ್ಬೀರ್‌ನಿಂದ ಹಿಡಿದು ರುಕೂಅ್, ಸುಜೂದ್‌ವರೆಗೆ ಒಂದೊಂದಾಗಿ ತಿಳಿಸಿದರು. ನಾವು ‘ಹಿಂದೆ ಹೋಗು’ ಎಂಬಲ್ಲಿಗೇ ನಿಲ್ಲಿಸುತ್ತೇವೆ, ಕಲಿಸುವ ಭಾಗ ಬಿಟ್ಟುಬಿಡುತ್ತೇವೆ.

ಹೇಳಿಸಿಕೊಳ್ಳುವುದು ಇದಕ್ಕಿಂತ ಕಷ್ಟ. ಹಿಜರಿ 2ರ ಬದ್ರ್‌ನಲ್ಲಿ ಹುಬಾಬ್ ಬಿನ್ ಮುಂದಿರ್ (ರ) ಮೊದಲು ಕೇಳಿದ್ದು, ‘ಈ ಜಾಗ ಅಲ್ಲಾಹನ ಆಜ್ಞೆಯೇ, ತಮ್ಮ ಅಭಿಪ್ರಾಯವೇ?’ ಎಂದು. ಅಭಿಪ್ರಾಯವೆಂದು ತಿಳಿದ ಮೇಲೆಯೇ, ಶತ್ರುಗಳಿಗೆ ಹತ್ತಿರದ ಬಾವಿಯ ಬಳಿ ಬೀಡುಬಿಡುವುದು ಒಳ್ಳೆಯದೆಂದರು. ಪ್ರವಾದಿಯವರು (ಸ) ಅದನ್ನು ಒಪ್ಪಿ ಜಾಗ ಬದಲಿಸಿದರೆಂದು ಸೀರಾ ಗ್ರಂಥಗಳಲ್ಲಿದೆ. ನಮ್ಮಲ್ಲೋ, ‘ಪಾಠ ಸ್ವಲ್ಪ ವೇಗವಾಯಿತು’ ಎಂದು ಒಬ್ಬ ಉಮ್ಮ ಹೇಳಿಕಳುಹಿಸಿದರೂ ನಮಗೆ ಮುಖ ಬಾಡುತ್ತದೆ.

ಈ ಸಲ ಹೀಗೆ ಮಾಡೋಣ. ವೇದಿಕೆ ಇಳಿದ ಮಗುವಿಗೆ ಮೊದಲು ಚೆನ್ನಾಗಿ ಬಂದದ್ದನ್ನು ಹೇಳೋಣ, ಅದನ್ನು ಎಲ್ಲರ ಎದುರೇ ಹೇಳೋಣ. ತಿದ್ದಬೇಕಾದ್ದನ್ನು ಬದಿಗೆ ಕರೆದು, ಒಂದೇ ಒಂದನ್ನು, ಬಿಡಿಸಿ ಹೇಳೋಣ: “ಕೊನೆಯಲ್ಲಿ ಓಡಬೇಡ, ಉಸಿರು ತೆಗೆದುಕೊಂಡು ಹೇಳು.” ಮನೆಯವರೂ ನಮ್ಮ ತಪ್ಪನ್ನು ಹಾಗೆಯೇ ನಮಗೆ ಹೇಳಲಿ. ಬೇರೆಯವರ ಹತ್ತಿರ ಹೇಳಿದರೆ ನಮಗೆ ತಿದ್ದಿಕೊಳ್ಳಲು ದಾರಿಯಿಲ್ಲ.

ಆ ಹುಡುಗನ ಹತ್ತಿರ ಕ್ಷಮೆ ಕೇಳಿದ್ದೇವೆ. ಈ ವರ್ಷದ ಪಟ್ಟಿಯಲ್ಲಿ ಅವನಿಗೊಂದು ಜಾಗ ಖಾಲಿ ಇಟ್ಟಿದ್ದೇವೆ. ಇನ್ಶಾ ಅಲ್ಲಾಹ್, ಹೆಸರು ಕೊಟ್ಟಾನು.