ಸದ್ದು ಜಾಸ್ತಿಯಾದರೆ ಪಿಕಪ್ ಜಾಸ್ತಿಯೇ?

ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಕೂಡಲೇ ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಕೋನ್ ಆಕಾರದ ಓಪನ್ ಫಿಲ್ಟರ್ ಹಾಕಿಸುವ ಹುಚ್ಚು ನಮ್ಮ ವಯಸ್ಸಿನವರಲ್ಲಿದೆ. ಆಕ್ಸಿಲರೇಟರ್ ತುಳಿದಾಗಿನ ಸದ್ದನ್ನೇ ಪಿಕಪ್ ಎಂದುಕೊಳ್ಳುತ್ತೇವೆ. ಆದರೆ ಬಾನೆಟ್ ಒಳಗೆ ಮರೆಯಿಲ್ಲದೆ ಕೂತ ಫಿಲ್ಟರ್ ಎಳೆದುಕೊಳ್ಳುವುದು ಎಂಜಿನ್‌ನದೇ ಬಿಸಿಗಾಳಿ. ಬಿಸಿಯಾದಷ್ಟೂ ಗಾಳಿ ತೆಳು, ಆಮ್ಲಜನಕ ಕಡಿಮೆ, ಶಕ್ತಿ ಕುಗ್ಗಲೂಬಹುದು.

ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ದಿನವೂ ಓಡಾಡುವವರಿಗೆ ದೂಳಿನ ಪರಿಚಯ ಬೇಕಿಲ್ಲ. ಆ ನುಣುಪು ದೂಳನ್ನು ಕಂಪನಿಯ ಕಾಗದದ ಫಿಲ್ಟರ್ ತಡೆದಷ್ಟು ಅಗ್ಗದ ಕೋನ್ ತಡೆಯದು. ಒಳಹೊಕ್ಕ ದೂಳು ಪಿಸ್ಟನ್ ರಿಂಗ್ ಸವೆಸುತ್ತದೆ. ಎಂಜಿನ್ ಬಿಚ್ಚಿಸುವ ಖರ್ಚನ್ನು ಮೊದಲ ಸಂಬಳ ತಾಳೀತೇ? ವಾರಂಟಿಗೂ ಕುತ್ತು. ನಿಯಮ ಮೀರಿದ ಮಾರ್ಪಾಡಿಗೆ 2019ರ ತಿದ್ದುಪಡಿಯಂತೆ ತಲಾ 5,000 ರೂ. ದಂಡವೂ ಇದೆ.

ಕೆಲವು ನೂರು ರೂಪಾಯಿಗೆ ಹೊಸ ಕಂಪನಿ ಫಿಲ್ಟರ್ ಹಾಕಿಸಿ, ಉಳಿದ ದುಡ್ಡಲ್ಲಿ ಸವೆದ ಟಯರ್ ಬದಲಿಸಿಕೊಳ್ಳಿ.