ವಿಲ್ ರದ್ದು ಮಾಡುವವರು ಮೊದಲು ದಾನಪತ್ರ ಓದಲಿ



ಹೆತ್ತವರನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋಗುವ ಮಕ್ಕಳ ಹೆಸರಿನಲ್ಲಿರುವ ಆಸ್ತಿ ವರ್ಗಾವಣೆಯನ್ನೂ ವಿಲ್ಲನ್ನೂ ರದ್ದು ಮಾಡಿಸುವುದಾಗಿ 2025ರ ಮಾರ್ಚ್‌ನಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರು ಗುಡುಗಿದರು. ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ ಅಂಥ 150ಕ್ಕೂ ಹೆಚ್ಚು ಪ್ರಕರಣಗಳಿವೆ ಎಂಬ ಲೆಕ್ಕವೂ ಆಗಲೇ ಹೊರಬಿತ್ತು. ಗುಡುಗೇನೋ ಜೋರಾಗಿತ್ತು, ಆದರೆ ವಿಲ್ ರದ್ದು ಮಾಡಲು ಸರ್ಕಾರ ಏಕೆ ಬೇಕು? ಬರೆದವರು ಬದುಕಿರುವವರೆಗೆ ವಿಲ್‌ನಿಂದ ಯಾರಿಗೂ ಒಂದಿಂಚು ನೆಲವೂ ಸಿಗುವುದಿಲ್ಲ. ಬುದ್ಧಿ ಸ್ವಾಧೀನದಲ್ಲಿರುವ ತಂದೆ ಅದನ್ನು ನಾಳೆಯೇ ತಾನೇ ಬದಲಿಸಬಹುದು. ಹಿರಿಯರನ್ನು ಬೀದಿಪಾಲು ಮಾಡುತ್ತಿರುವುದು ಬದುಕಿರುವಾಗಲೇ ಆಸ್ತಿ ಬರೆದುಕೊಡುವ ದಾನಪತ್ರ. ಅದು ನೋಂದಣಿಯಾಗುವುದು ಸರ್ಕಾರದ್ದೇ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ, ಸರ್ಕಾರದ್ದೇ ಮೊಹರಿನೊಂದಿಗೆ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಹೇಳುವುದಿಷ್ಟು: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ಅನೂರ್ಜಿತವೆಂದು ಸಾರಬಹುದು. ಷರತ್ತು ಇದ್ದರೆ ಮಾತ್ರ! ಸುದೇಶ್ ಛಿಕಾರ ಪ್ರಕರಣದಲ್ಲಿ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ತಾಯಿಗೆ ಆಸ್ತಿ ಮರಳಿ ಕೊಡಿಸಿತು, ನಿಜ. ಆದರೆ ಆ ತಾಯಿಯ ಕೈಯಲ್ಲಿ ಮಗ ಬರೆದುಕೊಟ್ಟ ವಚನಪತ್ರವೊಂದಿತ್ತು. ಅದೂ ಇಲ್ಲದ ತಾಯಂದಿರ ಗತಿ? ನಮ್ಮಲ್ಲಿ ದಸ್ತಾವೇಜು ಬರೆಯುವವರ ಬಳಿ ಒಂದೇ ಅಚ್ಚು. ‘ಪ್ರೀತಿ ವಿಶ್ವಾಸದಿಂದ, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ’ ಎಂದು ಶುರುವಾಗಿ, ‘ಇನ್ನು ಮುಂದೆ ಈ ಸ್ವತ್ತಿನ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ’ ಎಂದು ಮುಗಿಯುತ್ತದೆ. ನಡುವೆ ಊಟ, ಔಷಧಿ, ಇರಲು ಒಂದು ಕೋಣೆ, ಯಾವುದರ ಸುದ್ದಿಯೂ ಇಲ್ಲ. ಮುಂದೊಂದು ದಿನ ಈ ದೂರು ಕೇಳುವ ಉಪವಿಭಾಗಾಧಿಕಾರಿಯ (ಎ.ಸಿ.) ಕಚೇರಿಯಲ್ಲಿ ಮಗನ ಕಡೆಯವರು ಎತ್ತಿ ಓದುವುದು ಈ ಸಾಲುಗಳನ್ನೇ. ಅಮ್ಮ ಹಾಕಿದ ಹೆಬ್ಬೆಟ್ಟೇ ಅಮ್ಮನ ವಿರುದ್ಧ ಸಾಕ್ಷಿ.

ಆಸ್ತಿ ಹೋದರೆ ಹೋಗಲಿ, ಇದೇ ಕಾಯ್ದೆಯಡಿ ಜೀವನಾಂಶವಾದರೂ ಇದೆಯಲ್ಲ ಎನ್ನುವವರಿದ್ದಾರೆ. ಅದರ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ, 2007ರಲ್ಲಿ ನಿಗದಿಯಾದದ್ದು. ಆಮೇಲೆ ಶಾಸಕರ, ಸಂಸದರ ಸಂಬಳ ಎಷ್ಟು ಸಲ ಏರಿತೋ ಅವರೇ ಹೇಳಲಿ! ಮಿತಿ ತೆಗೆದುಹಾಕುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು. ಅಂಗೀಕಾರವಾಗದೆ, 2024ರಲ್ಲಿ ಸದನದ ಅವಧಿಯೊಂದಿಗೇ ಬಿದ್ದುಹೋಯಿತು. ಕೋಟಿ ಬೆಲೆಯ ನಿವೇಶನ ಬರೆಸಿಕೊಂಡ ಮಗನಿಗೆ ಕಾನೂನು ಹಾಕಬಹುದಾದ ದೊಡ್ಡ ಹೊರೆ ಎಂದರೆ ಈ ಹತ್ತು ಸಾವಿರ.

ಷರತ್ತು ಬರೆಸುವುದೆಂದರೆ ಮಕ್ಕಳನ್ನು ಅನುಮಾನಿಸಿದಂತೆ, ನಮ್ಮ ಸಂಸ್ಕೃತಿಗೆ ಒಗ್ಗದು ಎಂದು ಕೆಲವರು ಮೂಗು ಮುರಿಯುತ್ತಾರೆ. ಅದೇ ಸಂಸ್ಕೃತಿಯ ಮಕ್ಕಳು ಅಪ್ಪನ ಪ್ರೀತಿಗೆ ಮಾತ್ರ ನೋಂದಣಿ, ಇಬ್ಬರು ಸಾಕ್ಷಿ, ಫೋಟೊ, ಬೆರಳಚ್ಚು ಎಲ್ಲವನ್ನೂ ಕೇಳುವುದಿಲ್ಲವೇ? ಇನ್ನೊಂದು ಆಕ್ಷೇಪ, ಕಾಯ್ದೆಯ ದುರ್ಬಳಕೆ: ಒಬ್ಬ ಮಗನ ಮಾತು ಕೇಳಿ ಇನ್ನೊಬ್ಬನನ್ನು ಹೊರಹಾಕಲು, ಸೊಸೆಯನ್ನು ಮನೆ ಬಿಡಿಸಲು ಹಿರಿಯರನ್ನು ಮುಂದೆ ತಳ್ಳುತ್ತಾರೆ ಎಂಬುದು. ಸೊಸೆಯ ವಾಸದ ಹಕ್ಕನ್ನು ಈ ಕಾಯ್ದೆಯ ಬಲದಿಂದ ಸಾರಾಸಗಟಾಗಿ ಕಿತ್ತುಕೊಳ್ಳುವಂತಿಲ್ಲವೆಂದು ಬೆಂಗಳೂರಿನದೇ ಪ್ರಕರಣವೊಂದರಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೊಸೆಯ ಆತಂಕಕ್ಕೆ ಆ ತೀರ್ಪಿನಲ್ಲೇ ಮದ್ದಿದೆ. ಇನ್ನು ಅಣ್ಣತಮ್ಮಂದಿರ ಜಗಳಕ್ಕಂತೂ ಬರೆದಿಟ್ಟ ಷರತ್ತಿಗಿಂತ ಒಳ್ಳೆಯ ಮದ್ದಿಲ್ಲ. ಯಾರು ಏನು ಮಾಡಬೇಕೆಂದು ಪತ್ರದಲ್ಲೇ ಇದ್ದರೆ ಅಪ್ಪನೂ ಸುಳ್ಳು ಹೇಳುವಂತಿಲ್ಲ, ಮಗನೂ ಹೇಳುವಂತಿಲ್ಲ. ಪ್ರಾಮಾಣಿಕ ಮಗನಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಹೇಗೂ ಮಾಡುತ್ತಿರುವುದನ್ನೇ ಬರೆದುಕೊಟ್ಟಂತಾಯಿತು.

ಅದಕ್ಕೇ ಸಚಿವರಿಗೆ ನನ್ನ ಮನವಿ: ರದ್ದು ಮಾಡುವ ಮಾತು ಆಮೇಲಾಗಲಿ. ದಾನ ಕೊಡುವವರಿಗೆ 60 ದಾಟಿದ್ದರೆ ಉಪನೋಂದಣಾಧಿಕಾರಿ ಅವರನ್ನು ಪ್ರತ್ಯೇಕವಾಗಿ ಕೂರಿಸಿ, 23ನೇ ಕಲಮನ್ನು ಕನ್ನಡದಲ್ಲಿ ಓದಿ ಹೇಳಿ, ಷರತ್ತು ಬೇಕೋ ಬೇಡವೋ ಎಂದು ಕೇಳಲಿ. ಬೇಡವೆಂದರೆ ಆ ಮಾತನ್ನೂ ಪತ್ರದಲ್ಲಿ ದಾಖಲಿಸಲಿ. ನೋಂದಣಿಗೆ ಬಳಸುವ ಕಾವೇರಿ 2.0 ತಂತ್ರಾಂಶದಲ್ಲಿ ಆಧಾರ್‌ಗೆ, ಪ್ಯಾನ್‌ಗೆ ಜಾಗವಿದೆ. ಈ ಒಂದು ಪ್ರಶ್ನೆಗೆ ಇನ್ನೊಂದು ಅಂಕಣ ಸೇರಿಸಲು ದೆಹಲಿಯತ್ತ ಮುಖ ಮಾಡಬೇಕಾಗಿಲ್ಲ.

– ಒಬ್ಬ ಓದುಗ, ಶಿವಮೊಗ್ಗ