ಕಾಗಿ ಯಾಕ ಹೊರಗ ನಿಂತಿತ್ತು?



ಮೊನ್ನೆ ಮಳಿ ಹೊಡ್ಯಾಕತ್ತಿತ್ತು. ಕಬ್ಬೂರಿನ ನಮ್ಮ ಮನ್ಯಾಗ ಅವ್ವ ಮೊಮ್ಮಗಳಿಗೆ ಕಾಗಕ್ಕ-ಗುಬ್ಬಕ್ಕನ ಕಥಿ ಹೇಳಾಕತ್ತಿದ್ಲು. ನಿಮಗೂ ಗೊತ್ತಿರೋದೇ. ಕಾಗಿ ಮನಿ ಶಗಣಿದು, ಗುಬ್ಬಿ ಮನಿ ಮೇಣದ್ದು. ಮಳಿಗೆ ಕಾಗಿ ಮನಿ ಕೊಚ್ಚಿ ಹೋಗತೈತಿ, ಅದು ಬಂದು ಗುಬ್ಬಿ ಬಾಗಲಾ ಬಡೀತೈತಿ. ಗುಬ್ಬಿ ಒಳಗಿಂದನ, ಕೂಸಿಗೆ ಎರೀಬೇಕು, ಅಂಗಿ ಹಾಕಬೇಕು, ಮಲಗಿಸಬೇಕು, ತಡಿ ಅಂತೈತಿ. ನಿಪ್ಪಾಣಿ ಕಡೆಯ ಮರಾಠಿ ಮನೆಗಳಲ್ಲೂ ಇದೇ ಕಥೆ. ಅಲ್ಲಿ ಶೇಣ-ಮೇಣ ಅಂತ ಪ್ರಾಸ ಬೇರೆ. ಕೆಲವರ ಕಥೆಯಲ್ಲಿ ಕೊನೆಗೆ ಕಾಗೆ ಮೈ ಸುಟ್ಟುಕೊಳ್ಳುತ್ತದೆ, ಮಕ್ಕಳು ನಗುತ್ತವೆ.

ನಾವು ಕಲಿತ ನೀತಿ ಏನು? ಗುಬ್ಬಿ ಜಾಣೆ, ಕಾಗೆ ಸೋಮಾರಿ. ನಮ್ಮ ಪೋರಿ ಮಾತ್ರ ಬ್ಯಾರೇನ ಕೇಳಿದ್ಲು: "ಆಯಿ, ಕಾಗಿ ತೊಯ್ಯಾಕತ್ತಿತ್ತಲ್ಲ, ಗುಬ್ಬಿ ಮೊದಲ ಯಾಕ ಬಾಗಲಾ ತಗೀಲಿಲ್ಲ?" ಅವ್ವ ಸುಮ್ಮನಾದ್ಲು.

ಇಂಥ ಕಥೆಗಳ ಶಕ್ತಿಯೇ ಇದು. ಯಾರ ಹೆಸರನ್ನೂ ಹೇಳಲ್ಲ, ಜಾತಿ ಹೇಳಲ್ಲ. ಮಗುವಿಗೆ ಅದು ಮಳೆಯ ಕಥೆ. ನಮ್ಮಂಥವರಿಗೆ ಬಾಗಿಲಿನ ಕಥೆ. 1901ರಲ್ಲಿ ಮಸೂರ ಸ್ಟೇಷನ್‌ನಲ್ಲಿ ಇಳಿದ ಬಾಲಕ ಭೀಮರಾವ್‌ಗೆ ಜಾತಿ ಗೊತ್ತಾದ ಮೇಲೆ ಗಾಡಿ ಹೊಡೆಯೋರು ಸಿಗಲಿಲ್ಲ, ದಾರಿಯಲ್ಲಿ ನೀರೂ ಸಿಗಲಿಲ್ಲ. ಬುತ್ತಿ ಇದ್ದರೂ ನೀರಿಲ್ಲದೆ ಹಸಿದು ಮಲಗಿದರು. ಬಾಬಾಸಾಹೇಬರು ಇದನ್ನು ಬರೆದ ಪುಸ್ತಕದ ಹೆಸರಿನಲ್ಲೇ ಕಾಯುವಿಕೆ ಇದೆ: 'ವೇಟಿಂಗ್ ಫಾರ್ ಎ ವೀಸಾ'.

2019ರ ಆಗಸ್ಟ್‌ನಾಗ ಕೃಷ್ಣಾ, ದೂಧಗಂಗಾ ಉಕ್ಕಿದಾಗ ಈ ಭಾಗದಾಗ ಎಷ್ಟೋ ಮಣ್ಣಿನ ಮನಿ ಕುಸಿದು ಬಿದ್ದವು. ಅವರೆಲ್ಲ ಸೋಮಾರಿಗಳೇನ್ರೀ?

ಆಂಡರ್ಸನ್‌ನ 'ಕುರೂಪಿ ಬಾತುಮರಿ' (1843) ಓದಿದವರು ಕಣ್ಣೀರು ಹಾಕ್ತಾರೆ. ಬರೆದವನು ಡೆನ್ಮಾರ್ಕಿನ ಒಬ್ಬ ಚಮ್ಮಾರನ ಮಗ. ಆದರೆ ಆ ಮರಿಗೆ ಮರ್ಯಾದೆ ಸಿಕ್ಕಿದ್ದು ಅದು ಹುಟ್ಟಾ ಹಂಸ ಅಂತ ಗೊತ್ತಾದ ಮೇಲೆ. ಬರೀ ಬಾತುಮರಿಯಾಗೇ ಉಳಿದಿದ್ದರೆ? ಮರ್ಯಾದೆಗೂ ಹುಟ್ಟೇ ಬೇಕಾಯ್ತಲ್ಲ!

ಹಂಗಂತ ಈ ಕಥಿ ಬಿಡ್ರಿ ಅಂತ ನಾ ಹೇಳಾಂಗಿಲ್ಲ. ಅವು ನಮ್ಮ ಆಯಿಗಳ ಬಾಯಿಂದ ಬಂದ ಆಸ್ತಿ. ಮಕ್ಕಳಿಗೆ ಹೇಳ್ರಿ, ರಾಗ ಎಳೆದು ಹೇಳ್ರಿ. ಕೊನೀಗೆ ನೀತಿ ಮಾತ್ರ ನೀವ ಹೇಳಬ್ಯಾಡ್ರಿ. ಎರಡು ಪ್ರಶ್ನೆ ಕೇಳ್ರಿ: ಕಾಗಿಗೆ ಶಗಣಿ ಬಿಟ್ಟು ಬ್ಯಾರೆ ಏನೂ ಯಾಕ ಸಿಗಲಿಲ್ಲ? ನೀನು ಗುಬ್ಬಿ ಆಗಿದ್ರ ಏನು ಮಾಡ್ತಿದ್ದಿ?

ನಮ್ಮ ಪೋರಿ ಅವತ್ತು ಮಲಗೋ ಮುಂದ ತಾನೇ ಕಥಿ ಮುಗಿಸಿದ್ಲು. ಆಕಿ ಕಥ್ಯಾಗ ಕಾಗಿನ ಗುಬ್ಬಿ ಕೂಸಿಗೆ ಎರೀತು.

ಜೈಭೀಮ್.